ಮಳೆಯ ಲೆಕ್ಕವೂ ನಾಡಿಯ ಲೆಕ್ಕವೂ

ಚಿಂತಾಮಣಿ ಸೀಮೆಯಲ್ಲಿ ಹುಟ್ಟಿದವರಿಗೆ ಮುಗಿಲು ನೋಡುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ನಮ್ಮ ಜಿಲ್ಲೆಯ ನಂದಿಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಂದು ಎಷ್ಟೋ ನದಿಗಳು ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ನದಿ ನಮ್ಮಲ್ಲಿ ಒಂದೂ ಇಲ್ಲ. ಬೀಳುವ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಆ ಎರಡು ತಿಂಗಳು ಕೈಕೊಟ್ಟರೆ ರಾಗಿಯ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ, ಕೆರೆಯ ತಳ ಒದ್ದೆಯಾಗುವುದಿಲ್ಲ. ಅದೇ ಮಳೆ ಟೊಮೆಟೊ ಕೊಯ್ಲಿನ ವಾರದಲ್ಲಿ ಸುರಿದರೆ ಕಾಯಿ ಸೀಳಿ, ಮಾರುಕಟ್ಟೆಯಲ್ಲಿ ಬಾಕ್ಸಿಗೆ ಬಾಕ್ಸೇ ಕೊಳೆಯುತ್ತದೆ. ಬೇಡಿಕೊಂಡದ್ದನ್ನೇ ಬೇಡವೆನ್ನಬೇಕಾದ ಇಂಥ ಇಕ್ಕಟ್ಟು ಒಣಸೀಮೆಯವರಿಗೆ ಮಾತ್ರ ಅರ್ಥವಾದೀತು.

ಮೋಡ ಕವಿದಾಗ ಪ್ರವಾದಿವರ್ಯರ(ಸ) ಮುಖದ ಬಣ್ಣ ಬದಲಾಗುತ್ತಿತ್ತು, ಅವರು ಒಳಗೂ ಹೊರಗೂ ನಡೆದಾಡುತ್ತಿದ್ದರು, ಮಳೆ ಬಿದ್ದ ಮೇಲೆಯೇ ಅವರಿಗೆ ನಿರಾಳವಾಗುತ್ತಿತ್ತು ಎಂಬ ವರದಿ ಹ. ಆಯಿಶಾರಿಂದ(ರ) ಬಂದಿದೆ. ಅದೇ ಮೋಡದಲ್ಲಿ ಹಿಂದಿನ ಒಂದು ಜನಾಂಗಕ್ಕೆ ಶಿಕ್ಷೆ ಬಂದಿತ್ತೆಂಬ ಭಯ ಅವರಿಗೆ. ಮದ್ರಸಾದಲ್ಲಿ ಈ ಹದೀಸನ್ನು ಓದಿಸುವಾಗ ನಾವು ಮಕ್ಕಳಿಗೆ ಹೆಚ್ಚು ವಿವರಿಸಬೇಕಾಗಿ ಬಂದಿಲ್ಲ. ಮನೆಯ ಮುಂದೆ ನಿಂತು ಮುಗಿಲು ನೋಡುವ ತಂದೆಯ ಮುಖವನ್ನು ಅವರೆಲ್ಲರೂ ಕಂಡವರೇ.

ಮೂರು ವರ್ಷಗಳ ಹಿಂದೆ ಒಂದು ಸಂಜೆ ಮಗ್‌ರಿಬ್ ನಮಾಝಿನ ಬಳಿಕ ನಮ್ಮ ಜಮಾಅತಿನ ಹಿರಿಯರೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಟೊಮೆಟೊ ಮಂಡಿ ನಡೆಸುವವರು, ಎಣಿಸಿದಂತೆ ಮಾತಾಡುವವರು. ಅವರ ಹಿರಿಯ ಮಗ ಬಾಲ್ಯದಲ್ಲಿ ನಮ್ಮ ಮಕ್ತಬಿನಲ್ಲಿ ಓದಿದವನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಬೆಂಗಳೂರಿನಲ್ಲಿ ಹವಾಮಾನ ಮುನ್ಸೂಚನೆ ಕೊಡುವ ಒಂದು ಖಾಸಗಿ ಸಂಸ್ಥೆಯಲ್ಲಿ ಐದು ವರ್ಷ ದುಡಿದು, ಒಳ್ಳೆಯ ಸಂಬಳಕ್ಕೆ ಬಂದಿದ್ದ. ಈಗ ಅದನ್ನು ಬಿಟ್ಟು, ನೀಟ್ ಪರೀಕ್ಷೆ ಬರೆದು, ಯುನಾನಿ ವೈದ್ಯ ಪದವಿಗೆ ಸೇರುವೆನೆಂದು ಹಟ ಹಿಡಿದಿದ್ದಾನೆ. ವಯಸ್ಸು 29. ಇನ್ನೂ ಐದೂವರೆ ವರ್ಷದ ಓದು. ತಂಗಿಯ ಮದುವೆ ಗೊತ್ತಾಗಿದೆ. ಅವನಿಗೆ ನೋಡಿದ್ದ ಸಂಬಂಧದವರು ವಿಷಯ ತಿಳಿದು ಮೌನವಾಗಿದ್ದಾರೆ.

“ಹಜ್ರತ್, ನೀವೊಂದು ಮಾತು ಹೇಳಿದರೆ ಕೇಳುತ್ತಾನೆ. ಮುಗಿಲು ನೋಡುತ್ತಿದ್ದವನು ಈಗ ನಾಡಿ ಹಿಡಿಯುತ್ತಾನಂತೆ. ಇದಕ್ಕೂ ಅದಕ್ಕೂ ಏನು ಸಂಬಂಧ?” ಎಂದು ಅವರು ಕೇಳಿದರು.

ಆ ಪ್ರಶ್ನೆಯನ್ನು ಅವರು ಬೇಸರದಿಂದ ಕೇಳಿದ್ದರು. ನಾವು ಅದನ್ನು ಪ್ರಶ್ನೆಯಾಗಿಯೇ ತೆಗೆದುಕೊಂಡೆವು.

ಹುಡುಗ ಮೊದಲು ಹವಾಮಾನದ ಕೆಲಸಕ್ಕೆ ಸೇರಿದಾಗಲೂ ನಮ್ಮ ಬಳಿ ಒಂದು ತಕರಾರು ಬಂದಿತ್ತೆಂಬುದು ಇಲ್ಲಿ ಹೇಳತಕ್ಕದ್ದು. ಮಳೆಯ ಜ್ಞಾನ ಅಲ್ಲಾಹನಿಗೆ ಸೇರಿದ್ದೆಂದು ಸೂರಃ ಲುಕ್ಮಾನ್‌ನಲ್ಲಿ ಇರುವಾಗ ನಾಳೆ ಮಳೆ ಬರುವುದೆಂದು ಹೇಳುವ ಉದ್ಯೋಗ ಹೇಗೆ ಸರಿಯಾದೀತು ಎಂದು ಕೆಲವರು ಕೇಳಿದ್ದರು. ಹುದೈಬಿಯಾದಲ್ಲಿ ಒಂದು ರಾತ್ರಿ ಮಳೆ ಬಿದ್ದ ಮರುಮುಂಜಾನೆ ಪ್ರವಾದಿ(ಸ) ತಮ್ಮ ಸಂಗಾತಿಗಳಿಗೆ ಹೇಳಿದ್ದನ್ನು ನಾವು ಅವರಿಗೆ ನೆನಪಿಸಿದ್ದೆವು. ಇಂಥ ನಕ್ಷತ್ರದಿಂದ ಮಳೆಯಾಯಿತು ಎನ್ನುವವರು ಅಲ್ಲಾಹನ ಕೃಪೆಯನ್ನು ನಕ್ಷತ್ರದ ಲೆಕ್ಕಕ್ಕೆ ಬರೆದವರು ಎಂಬುದು ಆ ಮಾತಿನ ತಿರುಳು. ಅಲ್ಲಿ ನಿಷೇಧವಿರುವುದು ನಕ್ಷತ್ರವನ್ನು ಮಳೆಯ ಒಡೆಯನನ್ನಾಗಿ ಮಾಡುವುದಕ್ಕೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ, ಅದರಲ್ಲಿ ತೇವ ಎಷ್ಟಿದೆ ಎಂದು ಅಳೆಯುವುದಕ್ಕೆ ಅಲ್ಲ.

ಅರಬರಲ್ಲಿ ‘ಅನ್‌ವಾ’ ಎಂಬ ಒಂದು ಹಳೆಯ ವಿದ್ಯೆಯಿತ್ತು. ಚಂದ್ರನ ದಾರಿಯಲ್ಲಿರುವ 28 ತಾರಾಮನೆಗಳಲ್ಲಿ ಒಂದು ಪಶ್ಚಿಮದಲ್ಲಿ ಮುಳುಗುವಾಗ ಮತ್ತೊಂದು ಪೂರ್ವದಲ್ಲಿ ಏಳುವುದನ್ನು ನೋಡಿ ಮಳೆಗಾಲವನ್ನು ಗುರುತಿಸುತ್ತಿದ್ದರು. ಇಬ್ನ್ ಕುತೈಬಾರಂಥ ವಿದ್ವಾಂಸರು ಇದರ ಮೇಲೆ ಗ್ರಂಥವನ್ನೇ ಬರೆದಿದ್ದಾರೆ. ನಮ್ಮ ಸೀಮೆಯ ರೈತರು, ಅವರಲ್ಲಿ ಮುಸ್ಲಿಮ್ ರೈತರೂ ಸೇರಿ, ರೋಹಿಣಿ ಮಳೆ, ಆರಿದ್ರಾ ಮಳೆ, ಹಸ್ತ ಮಳೆ, ಚಿತ್ತೆ ಮಳೆ ಎಂದು 27 ನಕ್ಷತ್ರಗಳ ಹೆಸರಲ್ಲಿ ಮಳೆಯನ್ನು ಕರೆಯುವುದೂ ಇದೇ ಜಾತಿಯ ಪಂಚಾಂಗ. ಬಿತ್ತನೆಯ ಹೊತ್ತು ತಿಳಿಯಲು ಹೆಸರಿಟ್ಟುಕೊಂಡರೆ ಅದರಲ್ಲಿ ದೋಷವಿಲ್ಲ. ನಕ್ಷತ್ರವೇ ಕೊಟ್ಟಿತೆಂದು ನಂಬಿದರೆ ವಿಶ್ವಾಸ ಕೆಡುತ್ತದೆ. ಬಿ.ಎ.ಯಲ್ಲಿ ಕನ್ನಡ ಓದುವಾಗ ಮಳೆಗಾದೆಗಳನ್ನು ಬಾಯಿಪಾಠ ಮಾಡಿದ್ದ ನಮಗೆ, ಮದ್ರಸಾದಲ್ಲಿ ಕಲಿತ ಅನ್‌ವಾ ಮತ್ತು ಹಳ್ಳಿಯ ಮಳೆನಕ್ಷತ್ರ ಒಂದೇ ಮನೆಯ ಎರಡು ಬಾಗಿಲುಗಳಂತೆ ಕಂಡದ್ದುಂಟು. ‘ಮಾನ್ಸೂನ್’ ಎಂಬ ಶಬ್ದವೂ ಅರಬೀ ಭಾಷೆಯ ‘ಮೌಸಿಮ್’ನಿಂದ ಬಂದದ್ದಲ್ಲವೇ?

ಇಂದಿನ ಮುನ್ಸೂಚನೆಯ ಕೆಲಸ ಇದಕ್ಕಿಂತ ಬಹಳ ನಿಖರ, ಮತ್ತು ಆ ಹುಡುಗ ಹೇಳುತ್ತಿದ್ದಂತೆ ಬಹಳ ವಿನೀತ. ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ಅದರ ಮರುವರ್ಷವೇ ಮೈಸೂರು ಸಂಸ್ಥಾನವನ್ನು ನುಂಗಿದ ಭೀಕರ ಬರ ಆರಂಭವಾಯಿತು. ಇಂದು ಇಲಾಖೆಯ ಲೆಕ್ಕದಲ್ಲಿ ಒಂದು ದಿನದಲ್ಲಿ 2.5 ಮಿಲಿಮೀಟರ್ ಬಿದ್ದರೆ ಮಾತ್ರ ಅದು ಮಳೆಯ ದಿನ, 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ. ಇಷ್ಟೆಲ್ಲ ಅಳತೆ ಇದ್ದೂ ಮುನ್ಸೂಚನೆಗಾರನ ಮಾತು ಕೊನೆಗೆ ‘ಸಾಧ್ಯತೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಬರುತ್ತದೆ ಎಂದು ಅವನು ಹೇಳುವುದಿಲ್ಲ, ಬರುವ ಸಾಧ್ಯತೆ ಶೇಕಡಾ ಇಷ್ಟು ಎನ್ನುತ್ತಾನೆ. ಇನ್‌ಶಾ ಅಲ್ಲಾಹ್ ಎಂಬುದನ್ನು ಬಾಯಿಚಪಲಕ್ಕೆ ಹೇಳಿ ಮರೆಯುವ ನಮ್ಮಲ್ಲಿ ಹಲವರಿಗಿಂತ ಈ ‘ಸಾಧ್ಯತೆ’ಯಲ್ಲಿ ಹೆಚ್ಚು ಅದಬ್ ಇದೆ ಎಂದು ನಮಗೆ ತೋರಿತ್ತು.

ಮಂಡಿಯ ಹಿರಿಯರ ಪ್ರಶ್ನೆಗೆ ಮರಳೋಣ. ಮುಗಿಲಿಗೂ ನಾಡಿಗೂ ಏನು ಸಂಬಂಧ? ನಮ್ಮ ಪೂರ್ವಿಕರಲ್ಲಿ ಈ ಎರಡನ್ನೂ ಒಂದೇ ಬಾಳಿನಲ್ಲಿ ಹಿಡಿದವರು ಇದ್ದಾರೆ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಕಿಂದಿ ಮಳೆ ಗಾಳಿಗಳ ಮುನ್ಸೂಚನೆಯ ಬಗ್ಗೆ ಬರೆದ. ಅದೇ ಅಲ್ ಕಿಂದಿ ಹಲವು ಮೂಲಿಕೆಗಳನ್ನು ಬೆರೆಸಿದಾಗ ಔಷಧದ ಒಟ್ಟು ಬಿಸಿ, ತಂಪುಗಳ ಪ್ರಮಾಣವನ್ನು ಗಣಿತದಿಂದ ಕಂಡುಹಿಡಿಯಲು ಹೊರಟ. ಅವನ ಮಳೆಯ ಲೆಕ್ಕ ಗ್ರಹಗತಿಯನ್ನು ನೆಚ್ಚಿತ್ತು, ಆದುದರಿಂದ ನಾವು ಅದನ್ನು ಒಪ್ಪಬೇಕಾಗಿಲ್ಲ. ಆದರೆ ಒಬ್ಬನೇ ಮನುಷ್ಯ ಎರಡೂ ಕಡೆ ಅಳೆಯುವ ಕೋಲನ್ನೇ ಹಿಡಿದು ಹೋದನೆಂಬುದು ಗಮನಿಸತಕ್ಕ ಸಂಗತಿ.

ಇನ್ನೂ ದೊಡ್ಡ ಉದಾಹರಣೆ ಅಬೂ ರೈಹಾನ್ ಅಲ್ ಬೀರೂನಿಯವರದು. 973ರಲ್ಲಿ ಖ್ವಾರಿಝ್ಮ್‌ನಲ್ಲಿ ಜನಿಸಿದ ಇವರು ಆಯುಷ್ಯದ ಹೆಚ್ಚಿನ ಭಾಗವನ್ನು ಆಕಾಶಕ್ಕೂ ಭೂಮಿಗೂ ಕೊಟ್ಟವರು. ನಕ್ಷತ್ರಗಳು, ನೆರಳುಗಳು, ಊರುಗಳ ನಡುವಿನ ದೂರಗಳು, ಪಂಚಾಂಗಗಳು, ರತ್ನಗಳು, ಅವರು ಅಳೆಯದೆ ಬಿಟ್ಟದ್ದು ಕಡಿಮೆ. ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನ ಎಂಬ ಕೋಟೆಯ ಬಳಿಯ ಬೆಟ್ಟವೊಂದರ ಮೇಲೆ ನಿಂತು, ದಿಗಂತ ಎಷ್ಟು ಕೆಳಗೆ ತಗ್ಗಿ ಕಾಣುತ್ತದೆಂದು ಅಳೆದು ಭೂಮಿಯ ಗಾತ್ರವನ್ನು ಲೆಕ್ಕಹಾಕಿದರು. (ನಂದಿಯ ನೆರಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಆ ಬೆಟ್ಟದ ಹೆಸರು ಕೇಳಿದರೆ ನಗು.) ಭಾರತದ ಕುರಿತ ಅವರ ಗ್ರಂಥದಲ್ಲಿ ನಮ್ಮ ಮಳೆಗಾಲವೂ ಬರುತ್ತದೆ. ಈ ನಾಡಿನವರು ಅದನ್ನು ‘ವರ್ಷಕಾಲ’ ಎನ್ನುತ್ತಾರೆಂದು ಹೆಸರನ್ನೂ ದಾಖಲಿಸಿ, ಮುಲ್ತಾನಿನಲ್ಲಿ ಮಾತ್ರ ಅಂಥ ಮಳೆಗಾಲವಿಲ್ಲ ಎಂದು ಪ್ರದೇಶವಾರು ವ್ಯತ್ಯಾಸವನ್ನು ಗುರುತಿಸಿದ್ದಾರೆ.

ಇಷ್ಟೆಲ್ಲ ಮಾಡಿದವರು ಎಂಬತ್ತರ ಆಸುಪಾಸಿನಲ್ಲಿ, ಬಾಳಿನ ಕೊನೆಗೆ ಕೈಹಾಕಿದ್ದು ಯಾವುದಕ್ಕೆ? ಔಷಧಗಳಿಗೆ. ಅವರ ‘ಕಿತಾಬುಸ್ಸೈದನಾ’ ಮದ್ದಿನ ಗಿಡಬೇರುಗಳು, ಕಾಳುಗಳು, ಖನಿಜಗಳ ಗ್ರಂಥ. ಪ್ರತಿಯೊಂದಕ್ಕೂ ಅರಬೀ, ಪಾರಸಿ, ಗ್ರೀಕ್, ಸಿರಿಯಾಕ್, ನಮ್ಮ ದೇಶದ ಭಾಷೆ ಎಂದು ಹಲವು ನುಡಿಗಳ ಹೆಸರು ಕೊಡುವುದು ಅದರ ವಿಶೇಷ. ಹೆಸರು ತಪ್ಪಿದರೆ ಮದ್ದು ತಪ್ಪುತ್ತದೆ, ಮದ್ದು ತಪ್ಪಿದರೆ ಪ್ರಾಣ ಹೋಗುತ್ತದೆಂಬ ಎಚ್ಚರ ಅದರ ಹಿಂದಿದೆ. ಆ ಗ್ರಂಥದ ಪೀಠಿಕೆಯಲ್ಲಿ ಅವರು ತಮ್ಮ ಬಾಲ್ಯದ ಒಂದು ನೆನಪನ್ನು ಹೇಳಿಕೊಂಡಿದ್ದಾರೆ. ತಮ್ಮ ಊರಿಗೆ ಒಬ್ಬ ರೂಮಿ, ಎಂದರೆ ಗ್ರೀಕ್ ಮಾತಾಡುವವನು, ಬಂದು ನೆಲೆಸಿದ್ದ. ಬಾಲಕ ಬೀರೂನಿ ಕಾಳು, ಬೀಜ, ಹಣ್ಣು, ಗಿಡಗಳನ್ನು ಅವನ ಬಳಿಗೆ ಒಯ್ದು, ನಿಮ್ಮ ಭಾಷೆಯಲ್ಲಿ ಇದಕ್ಕೆ ಏನೆನ್ನುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರಂತೆ. ಮುದುಕನಾದಾಗ ದಾರಿ ತಪ್ಪಿ ಔಷಧದ ಅಂಗಡಿಗೆ ಬಂದ ಖಗೋಳಜ್ಞನೆಂದು ಅವರನ್ನು ನೋಡಿದರೆ ಈ ಬಾಲಕ ಕಣ್ಣಿಗೆ ಬೀಳುವುದಿಲ್ಲ.

ಮರುದಿನ ಅಸರ್ ಬಳಿಕ ನಾವು ಹುಡುಗನನ್ನು ಮಸೀದಿಯ ಅಂಗಳದಲ್ಲಿ ಕೂರಿಸಿಕೊಂಡೆವು. ನಾವು ಬುದ್ಧಿ ಹೇಳಲು ಬಂದಿದ್ದೇವೆಂದೇ ಅವನು ತಿಳಿದಿದ್ದ. ಕೆಲಸ ಬೇಸರವಾಯಿತೇ ಎಂದು ಕೇಳಿದೆವು.

“ಇಲ್ಲ ಹಜ್ರತ್, ಆ ಕೆಲಸ ನನಗೆ ಈಗಲೂ ಇಷ್ಟ. ಐದು ವರ್ಷ ನಮ್ಮ ಜಿಲ್ಲೆಯ ಮಳೆಯ ಅಂಕಿಗಳನ್ನು ದಿನವೂ ನೋಡಿದೆ. ಮಳೆ ತಪ್ಪಿದ ವರ್ಷ ಜನರು ಬೋರ್‌ವೆಲ್ಲನ್ನು ಇನ್ನೂ ಆಳಕ್ಕೆ ಇಳಿಸುತ್ತಾರೆ. ಆಳಕ್ಕೆ ಹೋದಂತೆ ನೀರಿನಲ್ಲಿ ಫ್ಲೋರೈಡ್ ಹೆಚ್ಚುತ್ತದೆ. ಅದು ಎಲುಬಿಗೆ ಇಳಿಯುತ್ತದೆ. ನನ್ನ ಪರದೆಯ ಮೇಲಿನ ಕಡಿಮೆ ಮಳೆ ಅಮ್ಮಿಯ ಮೊಣಕಾಲಿನಲ್ಲಿ ಇದೆ ಹಜ್ರತ್. ಅಂಕಿಯ ಕೊನೆ ಎಲ್ಲಿದೆಯೆಂದು ನೋಡಬೇಕು ಅನ್ನಿಸಿತು” ಎಂದ.

ಅವನ ತಾಯಿ ನಮಾಝನ್ನು ಕುರ್ಚಿಯ ಮೇಲೆ ಕುಳಿತು ಮಾಡಲಾರಂಭಿಸಿ ಆಗ ನಾಲ್ಕು ವರ್ಷವಾಗಿತ್ತು. ಐವತ್ತೂ ಆಗಿರಲಿಲ್ಲ. ನಮ್ಮ ಸೀಮೆಯಲ್ಲಿ ಇದು ಹೊಸ ಕಥೆಯಲ್ಲ. ಗ್ರಾನೈಟ್ ಬಂಡೆಯ ನೆಲ, ಸಾವಿರ ಅಡಿ ದಾಟಿದ ಕೊಳವೆಬಾವಿಗಳು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮ್ ಮೀರಬಾರದೆಂಬ ಮಿತಿಯನ್ನು ಮೀರಿದ ಊರುಗಳು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಲವು. ಎಳೆಯ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ, ವರ್ಷಗಟ್ಟಲೆ ಕುಡಿದರೆ ಕೀಲುಗಳ ಬಿಗಿತ, ನೋವು, ಮುಂದೆ ಬೆನ್ನು ಬಗ್ಗುವುದು. ನಮ್ಮ ಮಕ್ತಬಿನಲ್ಲಿ ಅಕ್ಷರ ಉಚ್ಚರಿಸಲು ಬಾಯಿ ತೆರೆಯುವ ಮಕ್ಕಳ ಹಲ್ಲುಗಳನ್ನು ನಾವು ದಿನವೂ ಕಾಣುತ್ತೇವೆ. ಈಗ ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದು, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವವರು ಹೆಚ್ಚಿದ್ದಾರೆ. ಘಟಕ ಕೆಟ್ಟ ವಾರ ಮತ್ತೆ ಅದೇ ಬೋರ್‌ವೆಲ್ ನೀರು.

ಯುನಾನಿಯೇ ಏಕೆ ಎಂಬುದಕ್ಕೂ ಅವನ ಬಳಿ ಉತ್ತರವಿತ್ತು, ಅದು ನಮಗೆ ಒಪ್ಪಿಗೆಯಾಯಿತು. ಯುನಾನಿ ವೈದ್ಯದಲ್ಲಿ ಮನುಷ್ಯ ಬದುಕಿರುವವರೆಗೆ ತಪ್ಪಿಸಿಕೊಳ್ಳಲಾಗದ ಆರು ಸಂಗತಿಗಳನ್ನು, ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂದು, ಮೊದಲು ಹೇಳಿಕೊಡುತ್ತಾರೆ. ಆ ಆರರಲ್ಲಿ ಮೊದಲನೆಯದು ಹವೆ. ಅನ್ನಪಾನ, ದೇಹದ ಚಲನೆ ವಿಶ್ರಾಂತಿ, ಮನಸ್ಸಿನ ಚಲನೆ ವಿಶ್ರಾಂತಿ, ನಿದ್ದೆ ಎಚ್ಚರ, ದೇಹ ಉಳಿಸಿಕೊಳ್ಳುವುದು ಹೊರಹಾಕುವುದು, ಇವೆಲ್ಲ ಆಮೇಲೆ. ನಮ್ಮ ಗ್ರಂಥಗಳು ಬುಖ್ರಾತ್ ಎಂದು ಕರೆಯುವ ಹಿಪಾಕ್ರಟೀಸನ ಪರಂಪರೆಯ ಒಂದು ಪ್ರಾಚೀನ ಕೃತಿಯ ಹೆಸರೇ ಹವೆ, ನೀರು, ಸ್ಥಳಗಳ ಕುರಿತು ಎಂದು. ಹೊಸ ಊರಿಗೆ ಹೋದ ವೈದ್ಯ ಅಲ್ಲಿನ ಗಾಳಿ ಯಾವ ಕಡೆಯದು, ನೀರು ಬಂಡೆಯದೋ ಜೌಗಿನದೋ ಎಂದು ಮೊದಲು ನೋಡಬೇಕೆಂಬುದು ಅದರ ಬೋಧನೆ. ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ನಲ್ಲಿ ಋತುಗಳಿಗೂ ಗಾಳಿಗೂ ದೀರ್ಘ ಅಧ್ಯಾಯಗಳನ್ನೇ ಕೊಟ್ಟಿದ್ದಾರೆ. ಹೀಗಿರುವಾಗ ಐದು ವರ್ಷ ಹವೆಯನ್ನು ಓದಿ ಬಂದವನು ಈ ಶಾಸ್ತ್ರದ ಮೊದಲ ಪಾಠವನ್ನು ಮುಗಿಸಿಯೇ ಬಂದಂತಲ್ಲವೇ?

ಒಂದು ಶಬ್ದವನ್ನು ನಾವೇ ಅವನಿಗೆ ಹೇಳಿದೆವು. ಬರಗಾಲದಲ್ಲಿ ಈದ್‌ಗಾಹಿನ ಬಯಲಿನಲ್ಲಿ ನಾವು ಮಾಡುವ ಮಳೆಪ್ರಾರ್ಥನೆಯ ಹೆಸರು ‘ಇಸ್ತಿಸ್ಕಾ’, ಎಂದರೆ ನೀರು ಬೇಡುವುದು. ಹಕೀಮರ ಗ್ರಂಥಗಳಲ್ಲಿ ಅದೇ ‘ಇಸ್ತಿಸ್ಕಾ’ ಒಂದು ರೋಗದ ಹೆಸರು. ಹೊಟ್ಟೆಯಲ್ಲಿ, ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವ ಜಲೋದರಕ್ಕೆ ಹಾಗೆನ್ನುತ್ತಾರೆ. ಮೈಯಲ್ಲಿ ನೀರು ತುಂಬಿದ್ದರೂ ನೀರು ನೀರು ಎಂದು ಬೇಡುವ ಸ್ಥಿತಿ ಅದು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಶಬ್ದವನ್ನು ತನ್ನ ಮೊಬೈಲಿನಲ್ಲಿ ಬರೆದುಕೊಂಡ.

ಆದರೆ ಅಂದು ನಾವು ಅವನಿಗೆ ಒಪ್ಪಿಗೆಯ ಮಾತೊಂದನ್ನೇ ಹೇಳಿ ಕಳಿಸಲಿಲ್ಲ. ‘ಸಮಗ್ರ ಚಿಕಿತ್ಸೆ’ ಎಂಬ ಫಲಕದ ಕೆಳಗೆ ಇಂದು ಏನೆಲ್ಲ ನಡೆಯುತ್ತಿದೆಯೆಂದು ಬಲ್ಲೆವು. ನಮ್ಮ ಬಂಧುಗಳಲ್ಲೇ ಒಬ್ಬ ಹೆಣ್ಣುಮಗಳು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರು, ಪದವಿಯೂ ಇಲ್ಲದ ಯಾರೋ ಒಬ್ಬರ ಮಾತು ನಂಬಿ ಅದನ್ನು ನಿಲ್ಲಿಸಿ ಬರೀ ಪುಡಿ ನುಂಗಿದರು. ಆರು ತಿಂಗಳಲ್ಲಿ ಬಲಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಮದ್ದು ಕೊಟ್ಟವರು ಅಷ್ಟರಲ್ಲಿ ಊರು ಬದಲಿಸಿದ್ದರು. ವೈದ್ಯ ತಿಳಿಯದೆ ವೈದ್ಯ ಮಾಡಿದವನೇ ಹಾನಿಗೆ ಹೊಣೆಗಾರ ಎಂದು ಪ್ರವಾದಿ(ಸ) ಹೇಳಿದ್ದು ಅಬೂದಾವೂದ್, ಇಬ್ನ್ ಮಾಜಃ ಗ್ರಂಥಗಳಲ್ಲಿದೆ. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆಂಬ ಹದೀಸನ್ನು ಫಲಕದ ಮೇಲೆ ಬರೆಸುವವರು ಈ ಹದೀಸನ್ನು ಬರೆಸಿದ್ದನ್ನು ನಾವು ಇನ್ನೂ ಕಂಡಿಲ್ಲ.

“ಅಮ್ಮಿಯ ಮೊಣಕಾಲನ್ನು ಗುಣಪಡಿಸುತ್ತೀಯಾ?” ಎಂದು ನೇರವಾಗಿ ಕೇಳಿದೆವು.

“ಇಲ್ಲ ಹಜ್ರತ್. ಎಲುಬಿಗೆ ಇಳಿದ ಫ್ಲೋರೈಡನ್ನು ಯಾವ ಮಾಜೂನೂ ಹೊರತೆಗೆಯುವುದಿಲ್ಲ. ನೋವು ಸ್ವಲ್ಪ ತಗ್ಗಿಸಬಹುದು. ನೀರು ಬದಲಿಸಬೇಕು, ಊಟ ಸುಧಾರಿಸಬೇಕು, ತಂಗಿಯ ಮಕ್ಕಳಿಗೆ ಆ ನೀರು ಕುಡಿಸಬಾರದು. ಇಷ್ಟೇ ಸಾಧ್ಯ” ಎಂದ.

ಈ ಉತ್ತರಕ್ಕಾಗಿಯೇ ನಾವು ಕಾದಿದ್ದೆವು. ಸಾಧ್ಯತೆಯ ಭಾಷೆಯಲ್ಲಿ ಮಾತಾಡಲು ಹವಾಮಾನ ಅವನಿಗೆ ಕಲಿಸಿತ್ತು. ಖಂಡಿತ ಗುಣವಾಗುತ್ತದೆ ಎಂದು ಹೇಳಲು ಬಾಯಿ ಬಾರದವನು ಹಕೀಮನಾದರೆ ನಮ್ಮ ಮೊಹಲ್ಲಾಗಳಿಗೆ ಲಾಭವೇ. ನಮ್ಮ ತಾಲ್ಲೂಕಿನ ಮುರುಗಮಲ್ಲಕ್ಕೆ ಆಂಧ್ರದ ಕಡೆಯಿಂದಲೂ ಕಾಯಿಲೆಯವರನ್ನು ಕರೆತರುವ ಕುಟುಂಬಗಳನ್ನು ನೋಡಿದವರಿಗೆ ಒಂದು ವಿಷಯ ಗೊತ್ತು. ಆ ಜನರಿಗೆ ಮೊದಲು ಬೇಕಾಗಿರುವುದು ತಮ್ಮ ಮಾತನ್ನು ಪೂರ್ತಿ ಕೇಳಿ, ಸುಳ್ಳು ಹೇಳದೆ ಉತ್ತರಿಸುವ ಒಬ್ಬ ವೈದ್ಯ.

ತಂದೆಯವರಿಗೆ ನಾವು ಬೀರೂನಿಯ ಕಥೆ ಹೇಳಲಿಲ್ಲ. ಅವರಿಗೆ ಅರ್ಥವಾಗುವ ಉದಾಹರಣೆ ಅವರ ತಂಗಿಯ ಮನೆಯಲ್ಲಿತ್ತು. ಶಿಡ್ಲಘಟ್ಟದ ದಾರಿಯ ಹಳ್ಳಿಯೊಂದರಲ್ಲಿ ಆ ತಾಯಿ ರೇಷ್ಮೆಹುಳು ಸಾಕುತ್ತಾರೆ. “ಭಾಯ್ ಸಾಹೇಬ್, ಹುಳುಮನೆಯ ಗೋಡೆಗೆ ತಾಪಮಾಪಕ ಏಕೆ ನೇತುಹಾಕಿದ್ದಾರೆ?” ಎಂದು ಕೇಳಿದೆವು. ಚಳಿಯೂ ತೇವವೂ ಸೇರಿದರೆ ಸುಣ್ಣಕಟ್ಟು ರೋಗ ಬರುತ್ತದೆ, ಸೆಕೆ ಏರಿಳಿದರೆ ಹಾಲು ರೋಗ, ಸೊಪ್ಪು ಸರಿಯಿಲ್ಲದಿದ್ದರೆ ಸಪ್ಪೆ ರೋಗ ಎಂದು ಅವರೇ ಹೇಳಿದರು. ಚಂದ್ರಿಕೆಗೆ ಹಾಕುವ ದಿನ ಮೋಡ ಮುಚ್ಚಿದರೆ ಗೂಡಿನ ಗುಣವೇ ಇಳಿಯುತ್ತದೆಂದೂ ಸೇರಿಸಿದರು. ಹುಳುವಿನ ವೈದ್ಯ ಹವೆ ನೋಡಿ ಮಾಡಬೇಕಾದರೆ ಮನುಷ್ಯನ ವೈದ್ಯಕ್ಕೆ ಅದು ಬೇಡವೇ ಎಂದು ನಾವು ಕೇಳಿದಾಗ ಅವರು ನಕ್ಕರು. ಒಪ್ಪಲಿಲ್ಲ. ಹಣದ ಮಾತೆತ್ತಿದರು, ಅದು ನ್ಯಾಯವಾದ ಮಾತೇ. ಕಿರಿಯ ಮಗ ಮಂಡಿಗೆ ಬರತೊಡಗಿದ. ಹಿರಿಯವನು ತನ್ನ ಉಳಿತಾಯವನ್ನು ಮೊದಲು ತಂಗಿಯ ಮದುವೆಗೆ ಕೊಟ್ಟು, ಉಳಿದದ್ದರಲ್ಲಿ ಓದುವುದೆಂದು ತೀರ್ಮಾನವಾಯಿತು. ಮೌನವಾಗಿದ್ದ ಸಂಬಂಧದವರು ಕೊನೆಗೆ ಬೇರೆ ಕಡೆ ನೋಡಿಕೊಂಡರು. ಆ ನೋವು ಅವನಿಗೆ ಆಗಲಿಲ್ಲವೆಂದು ನಾವು ಹೇಳಲಾರೆವು. ಅದರ ಬಗ್ಗೆ ಅವನು ನಮ್ಮೆದುರು ಮಾತಾಡಿಲ್ಲ.

ಈಗ ಅವನು ಯುನಾನಿ ಪದವಿಯ ಮೂರನೆಯ ವರ್ಷದಲ್ಲಿದ್ದಾನೆ. ತನಗಿಂತ ಹತ್ತು ವರ್ಷ ಕಿರಿಯರ ಜೊತೆ ಬೆಂಚಿನಲ್ಲಿ ಕೂರುತ್ತಾನೆ. ಪದವಿ ಮುಗಿದ ಮೇಲೆ ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯಲ್ಲಿ, ರೋಗ ಬರದಂತೆ ತಡೆಯುವ ಮತ್ತು ಸಮಾಜದ ಆರೋಗ್ಯ ನೋಡುವ ವಿಭಾಗದಲ್ಲಿ ಮುಂದಿನ ಓದು ನಡೆಸುವ ಆಸೆ ಅವನದು. ರಜೆಯಲ್ಲಿ ಊರಿಗೆ ಬಂದಾಗ ಒಂದು ನೋಟ್‌ಪುಸ್ತಕ ಹಿಡಿದು ಸುತ್ತಮುತ್ತಲ ಹಳ್ಳಿಗಳಿಗೆ ಹೋಗುತ್ತಾನೆ. ಎಡಪುಟದಲ್ಲಿ ಆ ಊರಿನ ಆ ವರ್ಷದ ಮಳೆ, ಬೋರ್‌ವೆಲ್ ಎಷ್ಟು ಅಡಿಯದು ಎಂಬ ವಿವರ. ಬಲಪುಟದಲ್ಲಿ ಯಾರ ಮನೆಯಲ್ಲಿ ಯಾರಿಗೆ ಮೊಣಕಾಲು ನೋವು, ಎಷ್ಟು ವರ್ಷದಿಂದ, ಕುಡಿಯುವ ನೀರು ಎಲ್ಲಿಯದು. ಮದ್ದು ಕೊಡುವುದಿಲ್ಲ. ತಾನಿನ್ನೂ ಹಕೀಮನಲ್ಲ ಎನ್ನುತ್ತಾನೆ.

ತಂದೆಯವರು ಈಗಲೂ ಪೂರ್ತಿ ಸಮಾಧಾನವಾಗಿಲ್ಲ. ಆದರೆ ಕೊಯ್ಲಿನ ದಿನಗಳಲ್ಲಿ ಲಾರಿಗೆ ಲೋಡ್ ಮಾಡಿಸುವ ಮುನ್ನ, ಇಶಾ ನಮಾಝಿನ ನಂತರ ಮಸೀದಿಯ ಮೆಟ್ಟಿಲಿನ ಮೇಲೆ ನಿಂತು ಮಗನಿಗೆ ಫೋನ್ ಮಾಡುತ್ತಾರೆ. ನಾಳೆ ಮಳೆ ಬರುತ್ತದೆಯೇ ಎಂದು ಕೇಳುತ್ತಾರೆ. ಅವನು ಶೇಕಡಾ 40 ಸಾಧ್ಯತೆ ಎನ್ನುತ್ತಾನೆ. “ಬರುತ್ತದೋ ಇಲ್ಲವೋ ಒಂದು ಮಾತು ಹೇಳೋ” ಎಂದು ಇವರು ರೇಗುತ್ತಾರೆ. ಆಮೇಲೆ ಲಾರಿಯ ಮೇಲೆ ಟಾರ್ಪಾಲು ಕಟ್ಟಿಸುತ್ತಾರೆ.